ದನಿಗೆ ಇನ್ನೊಂದು ಕಾಪಿ

ಫೆಬ್ರವರಿ 5, ಬೆಳಿಗ್ಗೆ

ಮೊದಲ ಕ್ಲಾಸು ಹಂಸ ಅವರದು. ಬ್ಯಾಂಕಿನ ಉದ್ಯೋಗ, ನಲವತ್ತು ದಾಟಿದವರು, ಕ್ಲಚ್ ಎಂದರೆ ಭಯ. ಕಗ್ಗದಾಸಪುರ ರೈಲ್ವೆ ಗೇಟಿನ ಹತ್ತಿರ ಗಾಡಿ ಮತ್ತೆ ಮತ್ತೆ ಆಫ್. ‘ಅರ್ಧ ಕ್ಲಚ್’ ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ನನ್ನ ಕಡೆಯ ಬ್ರೇಕ್ ತುಳಿದೆ.

“ಇನ್ನೂ ನೆಗಡಿ ಹೋಗಿಲ್ವಾ ಸರ್?”

“ಇಲ್ಲ.”

ನೆಗಡಿಯಲ್ಲ. ಗಂಟಲಿನ ಕ್ಯಾನ್ಸರ್. ಮಾರ್ಚ್ ಆರಕ್ಕೆ ಆಪರೇಶನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಆಮೇಲೆ ಕುತ್ತಿಗೆಯಲ್ಲೊಂದು ತೂತು, ಉಸಿರು ಅಲ್ಲಿಂದ. ಮಾತು ಇಲ್ಲ. ಬರೆದು ನೋಡಿದರೆ ಬೇರೆ ಯಾರದೋ ವಿಷಯದ ಹಾಗೆ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಡ್ರೈವಿಂಗ್ ಸ್ಕೂಲಿನವನಿಗೆ ಮಾತಿಲ್ಲದಿದ್ದರೆ ಏನಿದೆ… ಮುಂದಿನ ಕ್ಲಾಸಿಗೆ ಹೊತ್ತಾಯಿತು.

ಫೆಬ್ರವರಿ 9

ಆಸ್ಪತ್ರೆ. ಸ್ಪೀಚ್ ಥೆರಪಿಸ್ಟ್ ಅಲಿಯಾ ಮೇಡಂ. ಚಿಕ್ಕ ವಯಸ್ಸು. ಸುಮ್ಮನೆ ನಗುವುದಿಲ್ಲ, ಅದು ಒಳ್ಳೆಯದೇ.

“ಆಪರೇಶನ್‌ಗೆ ಮುಂಚೆ ನಿಮ್ಮ ವಾಯ್ಸ್ ರೆಕಾರ್ಡ್ ಮಾಡಿಟ್ಕೊಳ್ಳಿ ಸರ್. ದಿನಾ ಆಡೋ ಮಾತುಗಳು. ಆಮೇಲೆ ಫೋನಲ್ಲಿ ಬಟನ್ ಒತ್ತಿದ್ರೆ ನಿಮ್ಮ ವಾಯ್ಸೇ ಬರುತ್ತೆ. ಮಷೀನ್ ವಾಯ್ಸೂ ಇದೆ, ಆದ್ರೆ ಅದು ನೀವಲ್ಲ.”

ಬ್ಯಾಕಪ್ ಬಗ್ಗೆಯೂ ಹೇಳಿದರು. ಒಂದೇ ಕಡೆ ಇಟ್ಟರೆ ಇಲ್ಲದ ಹಾಗೆಯೇ. ಲ್ಯಾಪ್‌ಟಾಪಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು, ಆಗುವುದಾದರೆ ಮನೆಯಿಂದ ಹೊರಗೊಂದು. “ಕಾಪಿ ಮಾಡಿದ್ಮೇಲೆ ತೆಗೆದು ಕೇಳಿ ನೋಡಿ.”

ಆಗಲಿ ಎಂದೆ. ವಾಪಸ್ ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ತುಂಬ ಹೊತ್ತು ಜಾಮ್. ಜೊತೆಗೆ ಹೆಂಡತಿ ಯಮುನಾ. ಹೊರಗೆ ನೋಡುತ್ತ ಕೂತಿದ್ದಳು.

ಫೆಬ್ರವರಿ 18

ದಿನವೂ ಮಧ್ಯಾಹ್ನ ಆಫೀಸಿನ ಶಟರ್ ಎಳೆದುಕೊಂಡು ರೆಕಾರ್ಡಿಂಗ್. ಲ್ಯಾಪ್‌ಟಾಪಿಗೆ ರೆಕಾರ್ಡರ್ ಹಾಕಿಕೊಟ್ಟವನು ವಾಜಿದ್ — ಜೋಗುಪಾಳ್ಯದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ನನ್ನ ಹತ್ತಿರವೇ ಗಾಡಿ ಕಲಿತವನು. ಡೆಸ್ಕ್‌ಟಾಪ್ ಮೇಲೆ ‘ವಾಯ್ಸ್’ ಅಂತ ಒಂದು ಐಕಾನ್ ಇಟ್ಟುಕೊಟ್ಟಿದ್ದಾನೆ. ಮೂಲೆಯಲ್ಲಿ ಸಣ್ಣ ಬಾಣ. ಒತ್ತಿದರೆ ಎಲ್ಲ ಸಿಗುತ್ತದೆ.

ಗೇರ್, ಕನ್ನಡಿ, ರಿವರ್ಸ್ ಪಾಠ ಪೂರ್ತಿ ಆಯಿತು. ಫೋನ್ ಮಾಡಿದವರಿಗೆ ಹೇಳುವುದು. ಆರ್‌ಟಿಓ ಟೆಸ್ಟಿನ ದಿನ ಹೇಳುವುದು. ನಮಸ್ಕಾರ, ಕೂತ್ಕೊಳ್ಳಿ, ನೀರು ಬೇಕು. ದನಿ ಪರವಾಗಿಲ್ಲ, ಬೆಳಗಿಗಿಂತ ಮಧ್ಯಾಹ್ನ ವಾಸಿ.

ಈವತ್ತು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ತೆಗೆದು ಕೇಳಿದೆ — ಎಲ್ಲ ಇವೆ. ಪೆನ್‌ಡ್ರೈವನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಹಾಕಿ ಬೀಗ ಹಾಕಿದೆ. ಮನೆಯಿಂದ ಹೊರಗೆ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಫೆಬ್ರವರಿ 20

ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಒಳಗೆ ಟಕ್, ಟಕ್. ವಾಜಿದ್ ಅಂಗಡಿಗೆ ಒಯ್ದೆ. ಕಿವಿ ಹತ್ತಿರ ಹಿಡಿದು ಕೇಳಿದ.

“ಹಾರ್ಡ್ ಡಿಸ್ಕ್ ಹೋಗಿದೆ ಸರ್. ಕಾಪಿ ಇದೆಯಲ್ಲ?”

ಪೆನ್‌ಡ್ರೈವ್ ಕೊಟ್ಟೆ. ತನ್ನ ಕಂಪ್ಯೂಟರಿಗೆ ಹಾಕಿದ. ಮತ್ತೆ ತೆಗೆದು ಹಾಕಿದ.

“ಇದರಲ್ಲಿ ಏನೂ ಇಲ್ಲ ಸರ್.”

“ನಾನೇ ಕೇಳಿದ್ದೀನಿ. ಮೊನ್ನೆ.”

“ನಿಮ್ಮ ಲ್ಯಾಪ್‌ಟಾಪಲ್ಲಿ ಕೇಳಿದ್ರಿ. ನೀವು ಕಾಪಿ ಮಾಡಿರೋದು ಶಾರ್ಟ್‌ಕಟ್. ದಾರಿ ತೋರ್ಸೋ ಬೋರ್ಡ್ ಇದ್ದಂಗೆ. ಬೋರ್ಡ್ ಮಾತ್ರ ಇಲ್ಲಿಗೆ ಬಂತು, ಊರು ಅಲ್ಲೇ ಉಳೀತು. ಕಾಪಿ ಸರಿ ಇದೆಯಾ ಅಂತ ಬೇರೆ ಕಂಪ್ಯೂಟರಲ್ಲಿ ತೆಗೆದು ನೋಡ್ಬೇಕು.”

ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟ.

“ಆ ಶಾರ್ಟ್‌ಕಟ್ ನಾನೇ ಇಟ್ಟಿದ್ದು. ನಿಮಗೆ ಸುಲಭ ಆಗ್ಲಿ ಅಂತ. ಹೇಳ್ಬೇಕಿತ್ತು ನಾನು.”

“ಬಿಡು” ಎಂದೆ. ಪಿಸುಮಾತಷ್ಟೇ ಹೊರಬಂತು. ಡಿಸ್ಕನ್ನು ಡೇಟಾ ರಿಕವರಿಯವರಿಗೆ ಕಳಿಸುತ್ತಾನಂತೆ. ತಿಂಗಳಾಗಬಹುದು. ಬರುತ್ತದೆ ಅಂತ ಏನೂ ಇಲ್ಲ.

ಫೆಬ್ರವರಿ 21

ಕ್ಲಾಸ್ ಕ್ಯಾನ್ಸಲ್. ಗಾಡಿ ತೊಳೆದೆ.

ಫೆಬ್ರವರಿ 22

ಯಮುನಾ ತಟ್ಟೆ ಇಡುತ್ತ ಹೇಳಿದಳು, “ಮತ್ತೆ ಶುರು ಮಾಡೋಣ.”

“ಆಗಲ್ಲ. ದನಿ ಪೂರ್ತಿ ಕೆಟ್ಟಿದೆ.”

“ಕೆಟ್ಟಿದ್ರೂ ನಿಮ್ದೇ ತಾನೆ.”

ಊಟ ಮಾಡಿದೆ. ಮೊದಲ ಸಲ ಏನೇನು ರೆಕಾರ್ಡ್ ಮಾಡಿದ್ದೆ ಎಂದು ಕೇಳಿದಳು. ಹೇಳಿದೆ.

“ನನ್ನ ಹೆಸರು?”

ಯೋಚಿಸಿದೆ. ಕ್ಲಚ್ ಎಷ್ಟೋ ಸಲ ಇತ್ತು. ಅವಳ ಹೆಸರು ಇರಲಿಲ್ಲ. ಕೋಪ ಮಾಡಿಕೊಳ್ಳಲಿಲ್ಲ. ಮೊಸರು ಬಡಿಸಿದಳು. ಅವಳು ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು.

ಫೆಬ್ರವರಿ 25

ಕೆರೆ ಪಕ್ಕ ಗಾಡಿ ನಿಲ್ಲಿಸಿ, ಗಾಜು ಏರಿಸಿ, ಫೋನಿನಲ್ಲಿ ರೆಕಾರ್ಡಿಂಗ್. ಮನೆಗಿಂತ ಗಾಡಿಯೊಳಗೇ ನಿಶ್ಶಬ್ದ. ನಾನು ಡ್ರೈವರ್ ಸೀಟಿನಲ್ಲಿ, ಯಮುನಾ ಪಕ್ಕದಲ್ಲಿ. ರೈಲು ಬಂದಾಗ ನಿಲ್ಲಿಸುವುದು, ಹೋದ ಮೇಲೆ ಮತ್ತೆ ಹೇಳುವುದು. ಗಂಟಲು ಬೇಗ ಸೋಲುತ್ತದೆ.

ಸಂಜೆ ವಾಜಿದ್ ಮನೆಗೇ ಬಂದ. ಫೋನಿನಿಂದ ತಾನಾಗಿಯೇ ಇಂಟರ್‌ನೆಟ್ಟಿಗೆ ಒಂದು ಕಾಪಿ ಹೋಗುವ ಹಾಗೆ ಮಾಡಿದ. ಹೊಸ ಡಿಸ್ಕಿಗೆ ಇನ್ನೊಂದು. ಆ ಡಿಸ್ಕ್ ಅವನ ಅಂಗಡಿಯಲ್ಲಿರುತ್ತದೆ. ಎಲ್ಲ ಯಮುನಾ ಕೈಲೇ ಮಾಡಿಸಿದ.

“ನೀವು ಹೇಳ್ತಾ ಇದ್ರಲ್ಲ ಸರ್, ಪಕ್ಕದಲ್ಲಿ ಕೂತು ನೋಡಿದ್ರೆ ಬರಲ್ಲ, ಸ್ಟಿಯರಿಂಗ್ ಹಿಡೀಬೇಕು ಅಂತ.”

ಮಾರ್ಚ್ 3

ಈ ಸಲ ಪಾಠ ಕಡಿಮೆ. ಏನು ಬೇಕು ಅಂತ ಹೇಳುವವಳು ಯಮುನಾ. “ಕನ್ನಡಕ ಎಲ್ಲಿಟ್ಟೆ.” “ಮೊಸರು ಹುಳಿ.” “ಬಂದೆ ಇರು.” “ಹೋಗ್ಲಿ ಬಿಡು.” ಇದನ್ನೇ ನಾನು ಹೆಚ್ಚು ಹೇಳುವುದಂತೆ. ಗೊತ್ತಿರಲಿಲ್ಲ.

ಅವಳ ಹೆಸರು ಮಾತ್ರ ಸರಿ ಬರಲಿಲ್ಲ.

“ಹಾಜರಿ ಕರೀತಿದ್ದೀರಾ?”

ಮತ್ತೆ ಹೇಳಿದೆ. ಅದೂ ಬೇಡವಂತೆ. ಕೊನೆಗೆ ರೆಕಾರ್ಡಿಂಗ್ ಆನ್ ಮಾಡಿ ಫೋನ್ ನನ್ನ ತೊಡೆಯ ಮೇಲಿಟ್ಟು, ಗಾಡಿಯಿಂದಿಳಿದು ಕೆರೆ ಕಡೆ ನಡೆದಳು. ಹಿಂದೆ ನೋಡದೆ ಹೋಗುತ್ತಲೇ ಇದ್ದಳು. ಎಷ್ಟು ದೂರ ಹೋಗುತ್ತಾಳೆ ಅಂತ ಗೊತ್ತಾಗಲಿಲ್ಲ. ಗಾಜು ಇಳಿಸಿ ಕೂಗಿದೆ. ದನಿ ಮಧ್ಯದಲ್ಲಿ ಒಡೆಯಿತು, ಹಿಂದೆ ರೈಲು. ತಿರುಗಿ ನೋಡಿದಳು.

ವಾಪಸ್ ಬಂದು ರೆಕಾರ್ಡಿಂಗ್ ಕೇಳಿದಳು. “ಇದು ಇರ್ಲಿ.”

“ರೈಲಿದೆ.”

“ಇರ್ಲಿ.”

ಮಾರ್ಚ್ 5

ಅಡ್ಮಿಟ್. ಅಲಿಯಾ ಮೇಡಂ ಹತ್ತಿರ ಅವರ ಫೋನ್ ಕೇಳಿ ಪಡೆದು, ಯಮುನಾ ಅದರಲ್ಲಿ ಇಂಟರ್‌ನೆಟ್ಟಿನ ನಮ್ಮ ಕಾಪಿ ತೆಗೆದು ನೋಡಿದಳು. ನಮ್ಮ ಫೋನ್ ಸ್ವಿಚ್ ಆಫ್ ಮಾಡಿ. ಬಂತು. ಮೇಡಂ ಕೂಡ ಕೇಳಿಸಿಕೊಂಡರು — ಮೊಸರು ಹುಳಿ. ಮೊದಲ ಸಲ ನಕ್ಕರು.

ನಾಳೆ ಆಪರೇಶನ್ ಥಿಯೇಟರಿನಲ್ಲಿ ಎರಡನೇ ಕೇಸು ನನ್ನದು. ಕೊನೆಯ ಮಾತು ಏನಿರಬೇಕು ಅಂತ ಯೋಚಿಸಿಟ್ಟಿಲ್ಲ. ಫ್ಯಾನ್ ಕಡಿಮೆ ಮಾಡು ಅನ್ನುವುದೇ ಆಗಬಹುದು.

ಮಾರ್ಚ್ 24

ಮನೆ. ಮೂಗಿನಲ್ಲಿ ನಳಿಕೆ ಇನ್ನೂ ಇದೆ. ಕೆಮ್ಮು ಕುತ್ತಿಗೆಯಿಂದ ಬರುತ್ತದೆ, ಇನ್ನೂ ಅಭ್ಯಾಸವಾಗಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸುತ್ತೇನೆ.

ವಾಜಿದ್ ಮೆಸೇಜ್: ಹಳೆಯ ಡಿಸ್ಕಿನಿಂದ ಏನೂ ಬರಲಿಲ್ಲವಂತೆ. ಸಾರಿ ಸರ್ ಅಂತ ಬರೆದಿದ್ದಾನೆ. ದುಃಖವಾಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಆಗಲಿಲ್ಲ. ‘ಹೋಗ್ಲಿ ಬಿಡು’ ಆಡಿಯೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಮಾಡಿದ. ಎತ್ತಿದೆ. ಇಬ್ಬರೂ ಸುಮ್ಮನಿದ್ದೆವು. ಇಟ್ಟ.

ಏಪ್ರಿಲ್ 19

ಯಮುನಾ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು. ಗ್ಯಾಸಿನವನು ಬಂದ. ಮೆಟ್ಟಿಲ ಹತ್ತಿರ ಹೋಗಿ ಅವಳ ಹೆಸರಿನ ಬಟನ್ ಒತ್ತಿದೆ, ವಾಲ್ಯೂಮ್ ಪೂರ್ತಿ ಇಟ್ಟು. ಪಕ್ಕದ ತಾರಸಿಯಿಂದ ಮುನಿಶಾಮಮ್ಮತ್ತೆ — ನಮ್ಮಪ್ಪನ ತಂಗಿ — ಕೂಗಿದ್ದು ಕೇಳಿಸಿತು.

“ಏ ಯಮುನಾ, ನಿನ್ ಗಂಡ ಕರೀತವ್ನೆ ನೋಡು.”

ಆಮೇಲೆ ಅತ್ತೆಗೆ ನೆನಪಾಗಿರಬೇಕು. ಎರಡೂ ತಾರಸಿಗಳಲ್ಲಿ ಸದ್ದಿಲ್ಲ. ಯಮುನಾ ಕೆಳಗೆ ಬಂದಳು, ಮುಖ ತೊಳೆದುಕೊಂಡು, ಸಿಲಿಂಡರ್ ಒಳಗಿಡಿಸಿದಳು.

ಮೇ 13

ಕ್ಲಾಸ್ ಶುರು. ಹಂಸ ಅವರೇ ಮೊದಲು — ಬೇರೆ ಕಡೆ ಸೇರಿಕೊಳ್ಳದೆ ಕಾದಿದ್ದರಂತೆ. ರೆಕಾರ್ಡಿಂಗ್ ಉಪಯೋಗಕ್ಕೆ ಬರಲಿಲ್ಲ. ‘ಕ್ಲಚ್’ ಹುಡುಕಿ ಒತ್ತುವಷ್ಟರಲ್ಲಿ ಗಾಡಿ ಆಫ್. ಫೋನ್ ಬದಿಗಿಟ್ಟು ಡ್ಯಾಶ್‌ಬೋರ್ಡ್ ಮೇಲೆ ಬೆರಳಿಂದ ತಟ್ಟಿದೆ. ಒಂದು ತಟ್ಟಿದರೆ ಕ್ಲಚ್, ಎರಡು ತಟ್ಟಿದರೆ ಬ್ರೇಕ್.

ಗೇಟು ದಾಟಿದರು, ಗಾಡಿ ನಿಲ್ಲದೆ.

“ನೀವು ಕೂಗದೇ ಇದ್ರೆ ಭಯ ಕಮ್ಮಿ ಸರ್” ಎಂದರು. ಎಂದ ಮೇಲೆ ಮುಖ ಕೆಂಪಾಯಿತು. ನಾನು ನಕ್ಕೆ. ನಗುವಿಗೂ ಸದ್ದಿಲ್ಲ, ಆದರೆ ಗೊತ್ತಾಯಿತು ಅವರಿಗೆ.

ಜೂನ್ 9, ಬೆಳಿಗ್ಗೆ

ಭಾನುವಾರ. ಫೋನು ಚಾರ್ಜಿಗೆ ಹಾಕಿದೆ, ಹಾಲ್‌ನಲ್ಲಿ. ತಿಂಡಿ ಆದ ಮೇಲೆ ಜೋಗುಪಾಳ್ಯಕ್ಕೆ ಹೋಗಬೇಕು, ಮೊನ್ನೆಯ ಮದುವೆ ಫೋಟೋಗಳೂ ಡಿಸ್ಕಿಗೆ ಸೇರಲಿ ಅಂತ ಯಮುನಾ ಹಟ. ಈಗ ಎಲ್ಲದಕ್ಕೂ ಕಾಪಿ ಅವಳಿಗೆ. ಅಲಿಯಾ ಮೇಡಂ ಹೇಳಿಕೊಟ್ಟ, ಗಂಟಲಿಗೆ ಒತ್ತಿಹಿಡಿದು ಮಾತಾಡುವ ಮಷೀನು ಇನ್ನೂ ಕೈಗೆ ಹತ್ತಿಲ್ಲ. ಮುಂದಿನ ವಾರ ಮತ್ತೆ—

ಯಮುನಾ ಅಡುಗೆಮನೆಯಿಂದ ಕರೆಯುತ್ತಿದ್ದಾಳೆ. “ರೀ.” ಏನೋ ಎತ್ತಿಕೊಡಬೇಕೇನೋ. ಹಾಲ್‌ಗೆ ಹೋಗಿ, ಫೋನ್ ತಂದು, ‘ಬಂದೆ ಇರು’ ಹುಡುಕಿ… ಅಷ್ಟು ಹೊತ್ತಿಗೆ ಅಡುಗೆಮನೆಗೇ ಹೋಗಿಬಿಡಬಹುದು.

ಮತ್ತೆ ಕರೆದಳು. ಹೋಗ—