ಹಂದಿ ದಪ್ಪಗಾದ ತಪ್ಪಿಗೆ

ಹಂದಿ ಸಾಕುವವರಿಗೆ ಪ್ರೋತ್ಸಾಹ ಕೊಡುವ ತಾಲ್ಲೂಕು ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಎರಡು ಹಂದಿಗಳು ದಪ್ಪಗಿವೆ ಎಂಬ ಕಾರಣಕ್ಕೆ ಅವನ್ನು ನಿಮ್ಮ ಯೋಜನೆಯಿಂದ ಕೈಬಿಟ್ಟಿದ್ದೀರಿ. ಹಂದಿ ದಪ್ಪಗಾಗದೆ ಇನ್ನೇನಾಗಬೇಕಿತ್ತು ಎಂದು ಕೇಳುವ ಉದ್ಧಟತನ ನನಗಿಲ್ಲ. ಆದರೆ ಯೋಜನೆಯಿಂದ ಹೊರಬಿದ್ದ ಹಂದಿಗೆ ಹಂದಿಜ್ವರದ ಚುಚ್ಚುಮದ್ದೂ ಇಲ್ಲವಂತೆ. ಹಾರೋಹಳ್ಳಿ ಕಡೆ ಆ ರೋಗ ಬಂದಾಗಿದೆ. ಮದ್ದು ಮಾತ್ರ ನಿಮ್ಮ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದೆ. ಈ ಬೆಳಿಗ್ಗೆ ಬಂದಾಗ ತಾವು ಮೀಟಿಂಗಿನಲ್ಲಿದ್ದಿರಿ; ಆದ್ದರಿಂದ ನಾಲ್ಕು ಜನ ಓದಲಿ ಎಂದು ಇದನ್ನು ಕಚೇರಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ಕುರಿ ಕಾಯ್ದುಕೊಂಡು, ರೇಷ್ಮೆ ಹುಳ ಸಾಕಿಕೊಂಡಿದ್ದ ಮನೆತನ ನಮ್ಮದು. ಸೀಮೆಹಂದಿ ಸಾಕಿ ಉದ್ಧಾರವಾಗಿ ಎಂದು ಶಾಲೆ ಜಗಲಿಯ ಮೇಲೆ ನಿಂತು ಭಾಷಣ ಮಾಡಿದವರು ತಾವೇ. ನೆಂಟರು ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಹೋಗಲಿ, ಸರ್ಕಾರವೇ ನೆಂಟನಾಗಿದೆಯಲ್ಲ ಎಂದುಕೊಂಡೆ. ಆ ನೆಂಟ ಕಳಿಸಿದ ಮೇವಿನ ಮೂಟೆ ಒಂದೇ ಸಲ ಬಂತು, ಅದೂ ಬೂಷ್ಟು ಹಿಡಿದು. ಹಂದಿಗಳು ಮೂಸಿ ನೋಡಿ ಆ ಕಡೆ ತಿರುಗಿ ಮಲಗಿದವು.

ಆಗ ಕನಕಪುರದಲ್ಲಿ ರೇಷ್ಮೆ ನೂಲು ಬಿಚ್ಚಿಸುವ ವಹಾಬ್ ಸಾಹೇಬರ ಹತ್ತಿರ ಹೋದೆ. ಈಗ ಎಲ್ಲೆಲ್ಲೂ ರೇಷ್ಮೆಯ ಸುಗ್ಗಿಯಲ್ಲವೇ? ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳ ಅವರ ಹಿತ್ತಲಲ್ಲಿ ರಾಶಿ ರಾಶಿ. ನಾತಕ್ಕೆ ಬೀದಿಯವರದು ದಿನಾ ಜಗಳ. "ತಗೊಂಡೋಗು ಬೀರಯ್ಯ. ಯಾರು ತಿಂತಾರೆ ಅಂತ ನಾನು ಕೇಳಾಕಿಲ್ಲ, ನೀನೂ ಹೇಳ್ಬ್ಯಾಡ" ಎಂದರು. ಆ ಹುಳ, ಜೊತೆಗೆ ಒಂದಿಷ್ಟು ತೌಡು, ಅಷ್ಟರಲ್ಲೇ ಹಂದಿಗಳು ಮೈ ತುಂಬಿಕೊಂಡವು. ಗೂಡಿನ ಬೆಲೆ ಬಿದ್ದುಹೋದ ತಿಂಗಳಲ್ಲಿ ನಮ್ಮ ಒಲೆ ಉರಿದದ್ದು ಹಂದಿಮರಿ ಮಾರಿಯೇ.

ತಪಾಸಣೆಗೆ ಬಂದ ನಿಮ್ಮವರು ಮೂಗು ಮುಚ್ಚಿಕೊಂಡೇ, "ಇಷ್ಟು ಚೆನ್ನಾಗಿದಾವಲ್ರೀ, ನಿಮಗ್ಯಾಕ್ರೀ ಸಹಾಯ? ಇಲಾಖೆ ಮೇವೂ ಹಾಕಿಲ್ಲ" ಎಂದರು. ನನ್ನ ಹೆಂಡತಿ ಅಂಬಮ್ಮ ಬಿಡಲಿಲ್ಲ. "ಅಂಗಾರೆ ಒಸಿ ಸೊರಗ್ಸಿ ತೋರುಸ್ಲಾ ಸ್ವಾಮಿ?" ಎಂದಳು. ನಿಮ್ಮವರು ಜೀಪು ಹತ್ತಿ ಹೊರಟರು. ಪಕ್ಕದ ಮನೆಯ ರೇಷ್ಮೆ ಹುಳಕ್ಕೆ ಸೊಪ್ಪು ಸೇರದಿದ್ದರೆ ಇನ್ನೊಂದು ಜೀಪು ಓಡಿ ಬರುತ್ತದೆ. ಬದುಕಿರುವ ಹುಳಕ್ಕೆ ಔಷಧಿ, ತಟ್ಟೆ, ಮನೆ ಎಲ್ಲಾ ಕೊಡುತ್ತೀರಿ. ಅದೇ ಹುಳ ಸತ್ತ ಮೇಲೆ ನನ್ನ ಹಂದಿಯ ಹೊಟ್ಟೆ ಸೇರಿದರೆ ಅಪರಾಧವೇ?

ನಿನ್ನೆ ದೊಡ್ಡ ಹಂದಿ ಮೇವು ಮುಟ್ಟಲಿಲ್ಲ. ಅದು ಗಬ್ಬದ ಹಂದಿ. ಹುಟ್ಟಿದಾಗಿನಿಂದ ರೇಷ್ಮೆ ಹುಳ ಸಾಕಿದ ನನ್ನ ತಾಯಿ ದಾಸಮ್ಮ, "ಹುಳ ನಿದ್ದೆಗೆ ಕೂತಂಗೆ ಕೂತೈತೆ ಕಣ್ಲಾ. ಎದ್ಮೇಲೆ ಎರಡರಷ್ಟು ತಿಂತದೆ, ಎಬ್ಬುಸ್ಬ್ಯಾಡ" ಎಂದರು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ನಿದ್ದೆಗೆ ಕೂರುವುದನ್ನು ನೋಡಿಯೇ ಬೆಳೆದ ನನಗೂ ಅದು ಸರಿ ಎನಿಸಿತು, ಸುಮ್ಮನೆ ಬಿಟ್ಟೆವು. ಬೆಳಗಾಗುವಷ್ಟರಲ್ಲಿ ಕಿವಿ ನೀಲಿಗಟ್ಟಿತ್ತು, ಮೈ ಕೆಂಡದಂತಿತ್ತು. ಏಳಲೂ ಆಗುತ್ತಿಲ್ಲ ಅದಕ್ಕೆ. ಅಂಬಮ್ಮ ಅದರ ಪಕ್ಕದಲ್ಲಿ ಕೂತು ಅಳುತ್ತಿದ್ದಾಳೆ.

ಚಿಕ್ಕ ಹಂದಿಯನ್ನು ದೂರದಲ್ಲಿ ಕೂಡಿಹಾಕಿದ್ದೇವೆ, ಅದಿನ್ನೂ ತಿನ್ನುತ್ತಿದೆ. ಇವತ್ತೇ ಅದಕ್ಕೂ ಊರಿನ ಉಳಿದ ಹಂದಿಗಳಿಗೂ ಮದ್ದು ಚುಚ್ಚಿಸಿ. ದಪ್ಪವೋ ಸಣ್ಣವೋ ಆಮೇಲೆ ನೋಡಿದರಾಯಿತು. ದೊಡ್ಡದರ ವಿಷಯದಲ್ಲಿ ಮಾತ್ರ ತಮಗಿನ್ನು ಯಾವ ತಕರಾರೂ ಇರಲಾರದು. ಅದು ಈಗ ಚೆನ್ನಾಗಿಲ್ಲ. ನಿಮ್ಮ ನಿಯಮದ ಪ್ರಕಾರ ಸಹಾಯಕ್ಕೆ ಅರ್ಹವಾಗಿದೆ.

ಇಂತಿ,
ತಮ್ಮ ಮಾತು ಕೇಳಿ ಹಂದಿ ಸಾಕಿದ,
ತಮ್ಮ ಮಾತು ಕೇಳದೆ ಚೆನ್ನಾಗಿ ಸಾಕಿದ,
ಚಿಕ್ಕಬೀರಯ್ಯ
ಕನಕಪುರ ತಾಲ್ಲೂಕು