ಆಸ್ಪತ್ರೆಗೆ ಓದಿದ ಮುಯ್ಯಿ

ಅವಲಪಲ್ಲಿ, ಹೊಸೂರು
12-2-2025, ಬುಧವಾರ

ಪ್ರೀತಿಯ ಅಳಿಯ ವೆಂಕಿಗೆ,

ನಿನ್ನ ಸೋದರಮಾವ ಗೋಪಾಲಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ? ಗಾಯ ಪೂರ್ತಿ ಒಣಗಿತೇ? ಇಲ್ಲದ ಪಾದದ ಹೆಬ್ಬೆರಳು ತುರಿಸುತ್ತದೆ ಎಂದು ನಿನ್ನಕ್ಕ ಸಹನಾ ಹೇಳಿದಳು. ಅದು ಎಲ್ಲರಿಗೂ ಆಗುವಂಥದ್ದೇ, ಹೆದರಬೇಡ ಅಂತ ಇಲ್ಲಿನ ಆಸ್ಪತ್ರೆಯ ಡಾಕ್ಟ್ರಮ್ಮ ಹೇಳಿಕಳಿಸಿದ್ದಾರೆ. ಮಾಲೂರಿನ ಅಕ್ಕನ ಮನೆ ಸೇರಿದ ಮೇಲೆ ನೀನು ಫೋನ್ ಎತ್ತುವುದನ್ನೇ ಬಿಟ್ಟೆ. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಆಗುವುದಿಲ್ಲವಲ್ಲ! ಬಾಗಲೂರು ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನನ್ನ ಅಕ್ಷರಕ್ಕೆ ಸಾಟಿಯೇ ಇರಲಿಲ್ಲ. ಎಂಟನೆಯದಕ್ಕೆ ಹೋಗಿದ್ದರೆ ಮೇಷ್ಟರಿಗೇ ಕಷ್ಟವಾಗುತ್ತಿತ್ತು ಅಂತ ನಾನೇ ನಿಂತೆ.

ಬೈಕು ಬಿದ್ದು ಮೊಣಕಾಲ ಕೆಳಗಿನ ಕಾಲು ಹೋದಾಗಲೂ ನೀನು ಅಳಲಿಲ್ಲ. ಆಸ್ಪತ್ರೆಯವರು ಊರವರ ಚಂದಾದಲ್ಲಿ ಹೊಸ ಕಾಲು ಮಾಡಿಕೊಡುತ್ತೇವೆ ಎಂದಾಗ ಮಾತ್ರ ಸಿಡಿದುಬಿದ್ದೆ. "ಬೆಳಗೆದ್ರೆ ಯಾರ್ಯಾರ್ದೋ ಧರ್ಮದ್ ಮೇಲೆ ನಿಂತ್ಕಬೇಕಾ ಮಾವ? ನಂಗ್ಬೇಡ" ಎಂದು ಬಸ್ಸು ಹತ್ತಿಬಿಟ್ಟೆ. ನಿನ್ನಮ್ಮ ರಾಮಕ್ಕ ಇವತ್ತಿಗೂ ನಿನ್ನ ಎರಡು ಚಪ್ಪಲಿಯನ್ನೂ ಬಾಗಿಲಲ್ಲೇ ಇಟ್ಟಿದ್ದಾಳೆ. ಇನ್ನೂ ತಡಮಾಡಿದರೆ ಮೊಣಕಾಲು ಬಿಗಿದುಕೊಂಡು ಆಮೇಲೆ ಯಾವ ಕಾಲೂ ಕೂರುವುದಿಲ್ಲ ಎನ್ನುತ್ತಾರೆ ಡಾಕ್ಟ್ರಮ್ಮ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದು. ಮುಂದಿರುವುದು ನಿನ್ನ ಮಾವನ ಪ್ರತಾಪ.

ನಮ್ಮ ಸರ್ಕಾರಿ ಪುನರ್ವಸತಿ ಆಸ್ಪತ್ರೆಗೆ ಕಾಲು ತಯಾರಿಸುವ ಯಂತ್ರ ಸರ್ಕಾರದಿಂದ ಬಂತು. ಅದನ್ನಿಡುವ ಶೆಡ್ಡನ್ನು ಸುತ್ತಲಿನ ಊರುಗಳೂ ಆಸ್ಪತ್ರೆಯೂ ಸೇರಿ ಕಟ್ಟಬೇಕೆಂದಾಯಿತು. ಅದಕ್ಕೊಂದು ಕೂಟ, ಕೂಟಕ್ಕೆ ನಾನೇ ಅಧ್ಯಕ್ಷ. ಬೇರೆ ಯಾರೂ ಒಪ್ಪಲಿಲ್ಲ ಎಂದು ಜನ ಹೇಳಿದರೆ ನಂಬಬೇಡ. ಆದರೆ ದುಡ್ಡು ಮಾತ್ರ ಬರಲೊಲ್ಲದು. "ಆಸ್ಪತ್ರೆ ಹುಂಡೀಗ್ ಹಾಕಿದ್ದು ಎಲ್ಲೋಯ್ತದೋ ಯಾರ್ ಕಂಡವ್ರೆ" ಎಂದೇ ಎಲ್ಲರ ಮಾತು. ಆಗ ದೊಡ್ಡ ಡಾಕ್ಟ್ರಮ್ಮ ವರಲಕ್ಷ್ಮಿ, ಬಂದದ್ದು ಹೋದದ್ದೆಲ್ಲ ಊರವರ ಮುಂದೆಯೇ ಓದಿಸುತ್ತೇನೆಂದು ಸಭೆ ಕರೆದರು. ಗುಮಾಸ್ತ ಕಿರಣ್‌ಕುಮಾರ್ ಇಂಗ್ಲಿಷಿನಲ್ಲಿ ಶುರುಮಾಡಿದ. ಮುಂದಿನ ಸಾಲು ಆಕಳಿಸಿತು, ಹಿಂದಿನ ಸಾಲು ಎದ್ದು ಹೊರಟಿತು. ನನಗೆ ತಡೆಯಲಾಗಲಿಲ್ಲ, ಮೈಕು ಕಿತ್ತುಕೊಂಡೆ. ನಿನಗೆ ಗೊತ್ತಲ್ಲ, ಈ ಸುತ್ತಿನ ಯಾವ ಮದುವೆಯಲ್ಲಾದರೂ ಮುಯ್ಯಿ ಓದುವ ಗಂಟಲು ನನ್ನದು. ಅದೇ ರಾಗ ಎಳೆದೆ: "ಅವಲಪಲ್ಲಿ ಲಕ್ಷ್ಮೀದೇವಮ್ಮನವರ ಮುಯ್ಯಿ, ಐನೂರಾ ಒಂದು ರೂಪಾಯೀ!" ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಹೊರಟವರೆಲ್ಲ ತಿರುಗಿ ಬಂದು ಕೂತರು. ಖರ್ಚನ್ನೂ ಅದೇ ರಾಗದಲ್ಲಿ ಓದಿದೆ. ಟೀ, ಬನ್ನಿನ ಖರ್ಚು ಬಂದಾಗ ನಮ್ಮೂರ ಮುದುಕಿ ಅಂಜಮ್ಮ ಎದ್ದು ನಿಂತಳು: "ನಂಗೊಂದ್ ಬನ್ನೂ ಸಿಗ್ನಿಲ್ಲ. ತಿಂದೋರ್ ಯಾರ್ಲಾ ಗೋಪಾಲಾ?" ನನ್ನ ಟವೆಲಿನಲ್ಲಿ ಎರಡಿದ್ದವು. ಒಂದನ್ನು ಎಲ್ಲರೆದುರಿಗೇ ಅವಳ ಕೈಗಿಟ್ಟೆ. ಲೆಕ್ಕ ಒಪ್ಪಿಸುವುದೆಂದರೆ ಹೀಗೆ, ಕಣ್ಲಾ!

ಅವತ್ತೇ ಜನ ಸಾಲುಗಟ್ಟಿ ದುಡ್ಡು ಹಾಕಿದರು. ನಾನು ಮೀಸೆ ತಿರುವಿಕೊಂಡು ಮನೆಗೆ ಬಂದೆ. ಎಡವಟ್ಟು ಕಂಡದ್ದು ಆಮೇಲೆ. ಡಾಕ್ಟ್ರಮ್ಮನ ಮೇಜಿನ ಮೇಲೆ ಲಗ್ನಪತ್ರಿಕೆಗಳು ಬಂದು ಬೀಳತೊಡಗಿದವು. ಮದುವೆ, ನಾಮಕರಣ, ಗೃಹಪ್ರವೇಶ, ಒಂದೇ ಎರಡೇ! ಮೈಕಿನಲ್ಲಿ ಮುಯ್ಯಿ ಅಂತ ಓದಿದ ಮೇಲೆ ಅದು ಮುಯ್ಯಿಯೇ. ನಮ್ಮ ಮನೆಗೆ ಹಾಕಿದವರ ಮನೆಯ ಕಾರ್ಯಕ್ಕೆ ನಾವು ತಿರುಗಿ ಹಾಕಲೇಬೇಕಲ್ಲ. ಲಕ್ಷ್ಮೀದೇವಮ್ಮ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಅರಿಶಿನ ಕುಂಕುಮ ಕೊಟ್ಟು, "ನಾನು ಐನೂರಾ ಒಂದು ಹಾಕಿವ್ನಿ. ಆಸ್ಪತ್ರೆಯೋರು ಬರ್ನಿಲ್ಲ ಅಂದ್ರೆ ನೆಂಟ್ರ ಮುಂದೆ ನನ್ ಮಾನ ಏನಾದಾತು?" ಎಂದು ಕೇಳಿ ಹೋದಳಂತೆ. ಡಾಕ್ಟ್ರಮ್ಮ ನನ್ನನ್ನು ಕರೆಸಿ, "ಎನ್ನಯ್ಯಾ ಪಣ್ಣಿ ವಚ್ಚಿರುಕ್ಕೆ?" ಎಂದು ತಮಿಳಿನಲ್ಲೇ ಬೆವರಿಳಿಸಿದರು. ಏನು ಮಾಡಿಟ್ಟಿದ್ದೀಯಯ್ಯಾ ಅಂತ. ಆಸ್ಪತ್ರೆಯ ದುಡ್ಡಿನಲ್ಲಿ ಒಂದು ಪೈಸೆಯೂ ಯಾರ ಮದುವೆಗೂ ಹೋಗುವಂತಿಲ್ಲ. ಹೋದರೆ ಇಷ್ಟು ಓದಿದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಹೋಗದಿದ್ದರೆ ಊರು ಮುನಿಯುತ್ತದೆ, ಶೆಡ್ಡು ಅರ್ಧಕ್ಕೇ ನಿಲ್ಲುತ್ತದೆ.

ಆಗ ಒಂದು ಉಪಾಯ ಹೊಳೆಯಿತು. ಉಪಾಯ ನನ್ನದೇ, ಡಾಕ್ಟ್ರಮ್ಮನ ಬಾಯಲ್ಲಿ ಮೊದಲು ಬಂತು ಅಷ್ಟೆ. ಕಿವಿ ಚುಚ್ಚುವ ದಿನ ಆಸ್ಪತ್ರೆಯವರು ಕೈ ಬೀಸಿಕೊಂಡೇ ಬಂದರು. ಶಾಮಿಯಾನದ ಮೂಲೆಯಲ್ಲಿ ಚಾಪೆ ಹಾಸಿ, ಬಂದ ಮುದುಕ ಮುದುಕಿಯರ ಮೊಣಕಾಲು, ಸೊಂಟ, ಭುಜ ಎಲ್ಲ ನೋಡಿ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟರು. ಊಟದ ಪಂಕ್ತಿ ಖಾಲಿ, ಚಾಪೆಯ ಮುಂದೆ ಜಾತ್ರೆ! ನಾನು ಮೈಕಿನಲ್ಲಿ, "ಆಸ್ಪತ್ರೆಯವರ ಮುಯ್ಯಿ, ಇಪ್ಪತ್ತು ಜೊತೆ ಮೊಣಕಾಲೂ!" ಎಂದು ಕೂಗಿದೆ. ಲಕ್ಷ್ಮೀದೇವಮ್ಮ ನೆಂಟರ ನಡುವೆ ಬೀಗಿದ್ದೇ ಬೀಗಿದ್ದು. "ಚಂದಾ ಕೊಟ್ರೆ ಅಲ್ಲಿಗ್ ತೀರ್ತು. ಮುಯ್ಯಿ ಅಂದ್ರೆ ನಂಟು. ಇನ್ ಆಸ್ಪತ್ರೆ ನಮ್ದೇ" ಅಂದಳು. ಈಗ ಮೂಕಂಡಪಲ್ಲಿಯ ಕಾರ್ಖಾನೆ ಕಾರ್ಮಿಕರೂ ಭಾನುವಾರ ಬಂದು ಕೈಜೋಡಿಸುತ್ತಿದ್ದಾರೆ. ಗೋಡೆ ಎದ್ದಿದೆ, ಶೀಟು ಕೂತಿದೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಮೊಳೆಯ ಖರ್ಚೂ ಬರೆದಿದೆ, ಅಂಜಮ್ಮ ದಿನಾ ಬಂದು ಓದಿಸಿಕೊಂಡು ಹೋಗುತ್ತಾಳೆ.

ಸಹನಾಗೂ ಭಾವನಿಗೂ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಅಕ್ಕನ ಮೇಲೆ ರೇಗಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಮಾವ,
ಗೋಪಾಲಪ್ಪ (ಕೂಟದ ಅಧ್ಯಕ್ಷ)

ಮರೆತಿದ್ದೆ: ಸೋಮವಾರ ಬೆಳಿಗ್ಗೆ ನೀನಿಲ್ಲಿರಬೇಕು. ಆ ಸಭೆಯಲ್ಲಿ ಮುಯ್ಯಿ ಓದುವಾಗ ನಿನ್ನ ಹೆಸರನ್ನೂ ಓದಿಬಿಟ್ಟೆ: "ಬಾಗಲೂರು ರಾಮಕ್ಕನವರ ಮಗ ವೆಂಕಿಯ ಮುಯ್ಯಿ, ಹೊಸ ಶೆಡ್ಡಿನ ವೈರಿಂಗ್ ಪೂರ್ತೀ!" ನಿನ್ನನ್ನು ಕೇಳಲಿಲ್ಲ, ನಿಜ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಜನ ಚಪ್ಪಾಳೆ ತಟ್ಟಿಯಾಯಿತು, ಡಾಕ್ಟ್ರಮ್ಮ ಬೋರ್ಡಿನಲ್ಲಿ ಬರೆಸಿಯೂ ಆಯಿತು. ವೈರಿಂಗ್ ಆಗದೆ ಯಂತ್ರ ತಿರುಗುವುದಿಲ್ಲ, ಕಾಲಿಗಾಗಿ ಆರು ಜನ ಕಾಯುತ್ತಿದ್ದಾರೆ. ಅವರೆಲ್ಲರ ಕಾಲಿಗೆ ಮೊದಲು ಮುಯ್ಯಿ ಹಾಕುವವನು ನೀನು, ಆಮೇಲೆ ನಿನ್ನ ಕಾಲು ಇಸಿದುಕೊಳ್ಳುವವನು. ಇದರಲ್ಲಿ ಧರ್ಮ ಎಲ್ಲಿದೆ, ತೋರಿಸು ನೋಡೋಣ. ಆರು ವರ್ಷ ವೈರ್‌ಮನ್ ಆಗಿದ್ದ ನೀನು ಸ್ಟೂಲಿನ ಮೇಲೆ ಕೂತು ಹೇಳು, ಏಣಿ ನಾನು ಹತ್ತುತ್ತೇನೆ. ಮೇನ್ ಸ್ವಿಚ್ ಆಫ್ ಆಗಿದೆಯೇ ಎಂದು ಮಾತ್ರ ನೀನೇ ನೋಡಬೇಕು, ಅದೊಂದರಲ್ಲಿ ನನ್ನನ್ನು ನಂಬಬೇಡ.