ನಲವತ್ತೆರಡು ಜೊತೆ ಬೂಟು

ಅಂಗಡಿಯಿಂದ,
ಸೋಮವಾರ, ಮಧ್ಯಾಹ್ನ

ನಮ್ಮ ಮಗಳ ಅಪ್ಪನಿಗೆ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಆಮೇಲೆ ಕೇಳುತ್ತೇನೆ. ಮೊದಲು ಇದಕ್ಕೆ ಉತ್ತರ ಕೊಡಿ: ಆ ಶಿಫಾರಸು ಬರೆದವರು ನೀವೇ ತಾನೆ? ಅಲ್ಲ ಎಂದು ಬರೆಯುವ ಮುಂಚೆ ಕಾಗದ ಪೂರ್ತಿ ಓದಿ. ಸುಳ್ಳು ಬರೆಯುವಾಗ ನಿಮ್ಮ ಅಕ್ಷರ ದುಂಡಗಾಗುತ್ತದೆ, ಅದು ನನಗೆ ಗೊತ್ತು.

ಕಳೆದ ಬುಧವಾರ ಅಂಚೆಯವನು ದಪ್ಪನೆಯ ಲಕೋಟೆ ತಂದ. ಮೇಲೆ ನಿಮ್ಮ ದಳದ ಎರಡು ಅಡ್ಡಕೋವಿಗಳ ಮುದ್ರೆ. ಬ್ಯಾರಕ್ಕಿನ ಗೋಡೆಗೆ ಆತುಕೊಂಡಿರುವ ಅಂಗಡಿ, ಖಾಲಿ ಮಾಡಿ ಎಂದಿರಬೇಕು ಎಂದುಕೊಂಡೆ. ಆಮೇಲೆ ನಿಮಗೇ ಏನಾದರೂ ಆಯಿತೇನೋ ಎಂದೂ ಅನ್ನಿಸಿತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು. ಅಂಚೆಯವನು ಹೋಗದೆ ಅಲ್ಲೇ ನಿಂತಿದ್ದ. ಚಪ್ಪಲಿಯ ಉಂಗುಟ ಸಡಿಲವಾಗಿದೆ ಎಂದು ನೆಪ ಹೇಳಿ ಕೂತೇಬಿಟ್ಟ. ಉಂಗುಟ ಗಟ್ಟಿಯಾಗಿಯೇ ಇತ್ತು.

ಒಡೆದು ನೋಡಿದರೆ ಪದಕ! ಪದಾತಿ ದಳದ ಗೌರವ ಪದಕವಂತೆ. ಸೈನ್ಯಕ್ಕೆ ಸೇರದಿದ್ದರೂ ದಳಕ್ಕೆ ಸೇವೆ ಸಲ್ಲಿಸಿದವರಿಗೆ ನಿವೃತ್ತ ಯೋಧರ ಸಂಘ ಪ್ರತಿವರ್ಷ ಕೊಡುತ್ತದಂತೆ. ಈ ಸಲ ನನಗೆ. ಜೊತೆಗೆ ಶಿಫಾರಸಿನ ಪ್ರತಿ ಇತ್ತು, ಬರೆದವರ ಹೆಸರಿನ ಮೇಲೆ ಮಾತ್ರ ಕಪ್ಪು ಮಸಿ ಬಳಿದಿದ್ದರು. ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ, ಕಾಣಿಸಲಿಲ್ಲ. ಆದರೆ ಒಳಗಿನ ಮಾತಿಗೆ ಮಸಿ ಬಳಿದಿರಲಿಲ್ಲವಲ್ಲ.

ನಿಮ್ಮ ಸೈನ್ಯದ ಆ ದೊಡ್ಡ ಕಾಲ್ನಡಿಗೆಯ ವರ್ಷ ಹೊಸ ಬೂಟುಗಳ ಅಂಟು ಬಿಟ್ಟು ತುಕಡಿಯವರ ಅಟ್ಟೆಗಳೆಲ್ಲ ಬಾಯಿ ತೆರೆದದ್ದು. ಹೊರಡಲು ಮೂರೇ ದಿನ ಉಳಿದಿದ್ದದ್ದು. ನಲವತ್ತೆರಡು ಜೊತೆಗೆ ಮೇಣದ ದಾರ ಹಾಕಿ ಮತ್ತೆ ಹೊಲಿದದ್ದು. ಒಬ್ಬನೂ ದಾರಿಯಲ್ಲಿ ಕಾಲು ಕೆಟ್ಟು ಕೂರದೆ ಮುನ್ನೂರು ಕಿಲೋಮೀಟರ್ ಮುಟ್ಟಿದ್ದು. ಇಷ್ಟನ್ನು ಯಾರಾದರೂ ಬರೆಯಬಹುದಿತ್ತು. ಆದರೆ “ಆಕೆ ಆಗ ಹದಿನೆಂಟು ದಿನದ ಬಾಣಂತಿ, ಮಗುವನ್ನು ಬೂಟಿನ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಹೊಲಿದರು” ಎಂದು ಬರೆದಿದೆ. ಆ ಕೋಣೆಯಲ್ಲಿ ಇದ್ದವರು ಮೂವರು. ಪೆಟ್ಟಿಗೆಯಲ್ಲಿದ್ದವಳು ಸಾಕ್ಷಿ ಹೇಳುವಂತಿಲ್ಲ. ನಾನು ಬರೆದಿಲ್ಲ. ಇನ್ನು ಉಳಿದವರು ಯಾರು, ನೀವೇ ಲೆಕ್ಕ ಹಾಕಿ. ಆ ಮೂರು ದಿನ ನೀವೇನು ಮಾಡುತ್ತಿದ್ದಿರಿ ಎಂಬ ಒಂದು ಸಾಲೂ ಅದರಲ್ಲಿಲ್ಲ. ಆ ಮಾತಿಗೆ ನಾನೂ ಈಗ ಬರುವುದಿಲ್ಲ.

ಸಂತೋಷ ಪಡುವುದು ಬಿಟ್ಟು ಯಾಕೆ ಪತ್ತೇದಾರಿಕೆ ಎನ್ನುತ್ತೀರಿ. ಆ ನಡಿಗೆಯಲ್ಲಿ ಒಬ್ಬನೂ ಕುಂಟದೆ ಮುಟ್ಟಿದ್ದಕ್ಕೆ ಪ್ರಶಂಸಾಪತ್ರ ಬಂದದ್ದು ನಿಮಗೆ. ಸಂಘದ ಹಾಲ್‌ನಲ್ಲಿ ಫೋಟೊ ಏರಿದ್ದೂ ನಿಮ್ಮದೇ. ಅವತ್ತು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದೆ. ನೀವು ಅಧಿಕಾರಿಗಳನ್ನು ನೆನೆದಿರಿ, ಅಡುಗೆಯವನನ್ನು ನೆನೆದಿರಿ, ಲಾರಿ ಓಡಿಸಿದವನನ್ನೂ ನೆನೆದಿರಿ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಸೆರಗು ಸರಿಮಾಡಿಕೊಂಡು ಕಾದೆ. ಮನೆಗೆ ಬಂದು ಕೇಳಿದ್ದಕ್ಕೆ, “ಹೆಂಡ್ತಿ ಬೂಟು ಹೊಲಿದ್ಲು ಅಂತ ಹೇಳಿದ್ರೆ ಎಲ್ಲಾ ನಗ್ತಾರೆ ಕಣೇ” ಎಂದಿರಿ. ನಾವು ಬೇರೆಯಾದದ್ದು ಅದಕ್ಕೇ ಅಲ್ಲ. ಆದರೆ ಆಮೇಲಿನ ಪ್ರತಿ ಜಗಳದಲ್ಲೂ ಅದು ಬಂದು ಕೂರುತ್ತಿತ್ತು. ಅಂಥವರು ಇಪ್ಪತ್ತೊಂದು ವರ್ಷದ ಮೇಲೆ, ಹೆಸರು ಮುಚ್ಚಿಕೊಂಡು, ಇದ್ದಕ್ಕಿದ್ದಂತೆ ಹೊಗಳಿದರೆ ಸಂಶಯ ಬರುವುದಿಲ್ಲವೇ? ವಾಪಸು ಬರಲು ದಾರಿ ಮಾಡಿಕೊಳ್ಳುತ್ತಿದ್ದೀರಾ? ನಿಮ್ಮ ಬಾಯಿಂದ ಬರಬೇಕಾದ ಮಾತನ್ನು ಸಂಘದ ಸಮಿತಿಯವರ ಬಾಯಿಂದ ಹೇಳಿಸಿ ಕೈತೊಳೆದುಕೊಳ್ಳುವ ಉಪಾಯವಾ?

ಮೊದಲು ಮಗಳನ್ನು ಹಿಡಿದೆ. ಆಸ್ಪತ್ರೆಯಿಂದ ಬಂದು ಇನ್ನೂ ಕೈ ತೊಳೆದಿರಲಿಲ್ಲ. “ನಿಮ್ಮಪ್ಪನ ಜೊತೆ ಸೇರ್ಕೊಂಡು ಏನು ನಡೆಸಿದ್ದೀಯ?” ಎಂದೆ. “ಅಮ್ಮಾ, ನಿಂಗೆ ಯಾರಾದ್ರೂ ಒಳ್ಳೇದು ಮಾಡಿದ್ರೂ ಪೊಲೀಸ್ ಕೆಲಸಾನೇ” ಎಂದು ನಕ್ಕಳು. ನಕ್ಕಳು ನಿಜ, ಆದರೆ ಕಣ್ಣು ತಪ್ಪಿಸಿದಳು. ಎಕ್ಸ್‌ರೇ ತೆಗೆಯುವವಳು ಅವಳಿರಬಹುದು, ಒಳಗಿನದನ್ನು ನೋಡುವುದು ನನಗೂ ಬರುತ್ತದೆ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಸಂಘದ ಕಚೇರಿಗೆ ಹೋದೆ. ಗುಮಾಸ್ತ ನಿಮ್ಮ ತುಕಡಿಯವನೇ, ಅವನ ಬೂಟೂ ನನ್ನ ಕೈಯಲ್ಲಿ ಹೊಲಿಗೆ ಕಂಡಿದ್ದೇ. “ಹೆಸರು ಮಾತ್ರ ಕೇಳ್ಬೇಡಿ ಬೂಟಕ್ಕ, ನನ್ನ ಕೆಲಸಕ್ಕೆ ಕುತ್ತು” ಎಂದು ಟೀ ತರಿಸಲು ಎದ್ದ. ನಾನು ಹಾಲ್‌ನೊಳಗೆ ಹೋದೆ. ಗೋಡೆಯ ಮೇಲೆ ಎಲ್ಲರೂ ಇದ್ದರು, ನೀವಿರಲಿಲ್ಲ. ಮೊಳೆ ಇತ್ತು, ಅದರ ಕೆಳಗೆ ಚೌಕಾಕಾರದ ಬಿಳಿ ಕಲೆ ಇತ್ತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿಮ್ಮನ್ನು ಬೈಯುವ ಹಕ್ಕು ನನಗಿದೆ, ಅವರಿಗೇನಿದೆ? “ನಮ್ಮನೆಯವರ ಫೋಟೊ ಯಾವನು ತೆಗೆದಿದ್ದು?” ಎಂದು ಕೂಗಿದೆ. ಗುಮಾಸ್ತ ಟೀ ಲೋಟ ಹಿಡಿದುಕೊಂಡೇ ಓಡಿ ಬಂದ.

“ಯಾರೂ ತೆಗೀಲಿಲ್ಲ ಬೂಟಕ್ಕ. ಅವ್ರೇ ಇಳಿಸಿ ಕೊಟ್ರು. ಒಂದೇ ಕೆಲಸಕ್ಕೆ ಎರಡು ಗೌರವ ಕೊಡೋ ಹಾಗಿಲ್ಲ ಅಂತ ಸಮಿತಿಯವರು ಅಂದ್ರು. ಹಾಗಾದ್ರೆ ನಂದು ವಾಪಸ್ ತಗೊಳ್ಳಿ, ಅದು ನಂದಲ್ಲ ಅಂದ್ರು.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆಮೇಲೆ ಹೇಗೂ ಬಾಯಿ ಬಿಟ್ಟಾಗಿದೆ ಎಂದು ಉಳಿದದ್ದನ್ನೂ ಹೇಳಿದ. ಕೆಲವರು ನಿಮ್ಮೆದುರಿಗೇ ನಕ್ಕರಂತೆ. ಕೇರಂ ಆಡುವ ಮೇಜಿನಲ್ಲಿ ಈಗ ನಿಮಗೆ ಜಾಗ ಬಿಡುವುದಿಲ್ಲವಂತೆ. ನೀವು ಬಂದು, ಪೇಪರು ಓದಿ ಹೋಗುತ್ತೀರಂತೆ. ಮೆಟ್ಟಿಲನ್ನು ಮಾತ್ರ ನಡುನಡುವೆ ಕೂತು ಕೂತು ಇಳಿಯುತ್ತೀರಂತೆ.

ಟೀ ಕುಡಿಯಲಾಗಲಿಲ್ಲ. ಒಂದು ಸಂಶಯ ಹೋಗಿ ಇನ್ನೊಂದು ಹತ್ತಿಕೊಂಡಿತು. ತನ್ನದನ್ನೆಲ್ಲ ಹೀಗೆ ವಾಪಸು ಕೊಡುವವರು ಯಾವಾಗ ಕೊಡುತ್ತಾರೆ? ಹೊರಡುವ ಮುಂಚೆ ತಾನೆ? ದಾರಿಯುದ್ದಕ್ಕೂ ಮಗಳು ತಪ್ಪಿಸಿದ ಕಣ್ಣೇ ನೆನಪಾಗುತ್ತಿತ್ತು. ಅವಳು ಬರುವ ತನಕ ಕಾಯಲಿಲ್ಲ, ನೇರ ಆಸ್ಪತ್ರೆಗೇ ಹೋದೆ. ಕಾರಿಡಾರಿನಲ್ಲಿ ರಟ್ಟೆ ಹಿಡಿದು ನಿಲ್ಲಿಸಿ, ನಿಮಗೆ ಏನು ಕಾಯಿಲೆ ಎಂದು ಕೇಳಿದೆ. ಸುತ್ತ ರೋಗಿಗಳು ನೋಡುತ್ತಿದ್ದರು.

“ಮಂಡಿ ಅಮ್ಮ,” ಎಂದಳು. “ಎರಡೂ ಮಂಡಿ ಸವೆದಿದೆ. ಮುಂದಿನ ತಿಂಗಳು ಆಪರೇಷನ್. ನಿಂಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದಾರೆ.”

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಬೇರೆ ಏನೇನೋ ಅಂದುಕೊಂಡಿದ್ದೆ. ಅವಳು ಫಿಲ್ಮು ತಂದು ತೋರಿಸಿದಳು. ನನಗೆ ಅರ್ಥವಾಗಲಿಲ್ಲ, ಆದರೂ ಮೇಲಿನ ಹೆಸರು ನಿಮ್ಮದೇ ತಾನೆ ಎಂದು ಎರಡು ಸಲ ಓದಿದೆ. ಬರೀ ಮಂಡಿಯೇನಾ, ಇನ್ನೇನಾದರೂ ಮುಚ್ಚಿಟ್ಟಿದ್ದೀರಾ? ನಿಮ್ಮ ಕೈಯಾರೆ ಬರೆಯಿರಿ. ದುಂಡಗೆ ಬರೆದರೆ ನಂಬುವುದಿಲ್ಲ.

ನಿಮ್ಮನ್ನು ಪೂರ್ತಿ ನಂಬಿದ್ದೇನೆ ಎಂದು ತಿಳಿಯಬೇಡಿ. ಮನೆಗೆ ಬನ್ನಿ ಎಂದೂ ಹೇಳುತ್ತಿಲ್ಲ. ಪದಕ ಕೊಡುವ ಸಮಾರಂಭ ಬರುವ ಭಾನುವಾರ. ಹಾಲ್‌ಗೆ ಹನ್ನೊಂದು ಮೆಟ್ಟಿಲು, ಎಣಿಸಿ ಬಂದಿದ್ದೇನೆ. ಮಗಳು ಒಂದು ಕಡೆ ಹಿಡಿಯುತ್ತಾಳೆ. ನಿಮ್ಮ ಕಾಲಿನ ಅಳತೆ ನನಗೆ ನೆನಪಿದೆ, ಆದರೆ ಮಂಡಿ ಸವೆದವರು ಕಾಲೂರುವ ರೀತಿಯೇ ಬೇರೆಯಾಗುತ್ತದೆ. ಒಂದು ಕಾಗದದ ಮೇಲೆ ಎರಡೂ ಪಾದ ಊರಿ ನಿಂತು, ಸುತ್ತ ಗೆರೆ ಎಳೆಸಿ, ಗುರುವಾರದೊಳಗೆ ಮಗಳ ಕೈಲಿ ಕಳಿಸಿ. ನೀವೇ ಬಗ್ಗಿ ಎಳೆಯಲು ಹೋಗಬೇಡಿ.

ಇಂತಿ,
ಬೂಟಕ್ಕ

ತಾ.ಕ.: ಇದನ್ನು ಬರೆಯಲು ಕೂರುವ ಮುಂಚೆ, ಬೆಳಿಗ್ಗೆಯೇ, ಸಮಿತಿಗೆ ಒಂದು ಕಾಗದ ಕೊಟ್ಟು ಬಂದೆ. ಶಿಫಾರಸಿನಲ್ಲಿ ತಪ್ಪಿದೆ, ನಾನು ಹೊಲಿದದ್ದು ಇಪ್ಪತ್ತೊಂಬತ್ತೇ ಜೊತೆ, ಮೂರನೆಯ ದಿನ ನನ್ನ ಬೆರಳು ಊದಿಕೊಂಡಾಗ ಉಳಿದ ಹದಿಮೂರನ್ನು ಎದುರಿಗೆ ಕೂತು ನೀವು ಹೊಲಿದಿರಿ ಎಂದು ಬರೆದಿದ್ದೇನೆ. ಇಷ್ಟು ವರ್ಷ ಮಗಳಿಗೆ, ಆ ಮೂರು ದಿನವೂ ನಿಮ್ಮಪ್ಪ ಗೊರಕೆ ಹೊಡೆಯುತ್ತಿದ್ದರು ಎಂದೇ ಹೇಳಿಕೊಂಡು ಬಂದಿದ್ದೆ. ಇನ್ನು ಪದಕ ಇಬ್ಬರಿಗೂ ಕೊಡುತ್ತಾರೋ, ಇಬ್ಬರಿಗೂ ಇಲ್ಲ ಎನ್ನುತ್ತಾರೋ ಗೊತ್ತಿಲ್ಲ. ನಿಮ್ಮ ಹೊಲಿಗೆ ಸೊಟ್ಟಗಿತ್ತು ಎಂಬುದನ್ನೂ ಬರೆದಿದ್ದೇನೆ.